ಕೀಬೋರ್ಡ್ ಕೆಳಗಿಡಿ ಅನ್ನಬೇಡಿ: ಕೇಜನ್ ಸಂಗೀತದ ಹಿರಿಯರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಲೂಸಿಯಾನ ರಾಜ್ಯದ ದಕ್ಷಿಣದ ಊರೂರುಗಳಲ್ಲಿ ಕೇಜನ್ ಸಂಗೀತದ, ಅಂದರೆ ಅಲ್ಲಿನ ಫ್ರೆಂಚ್ ಮೂಲದವರ ಸಂಗೀತದ, ಹಬ್ಬ ನಡೆಸುವ ಹಿರಿಯರಿಗೆ,

ನಮಸ್ಕಾರ.

ಕಳೆದ ವರ್ಷ ಒಂದು ಸಣ್ಣ ಊರಿನ ಹಬ್ಬಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಮಧ್ಯಾಹ್ನ ಎರಡು ಗಂಟೆ, ನೆತ್ತಿ ಸುಡುವ ಬಿಸಿಲು. ವೇದಿಕೆಯ ಹಿಂದೆ ನಾಲ್ಕು ಜನ ಹುಡುಗ ಹುಡುಗಿಯರು ಸಾಮಾನು ಬಿಚ್ಚುತ್ತಿದ್ದರು. ಅಕಾರ್ಡಿಯನ್ ನುಡಿಸುವ ಹುಡುಗಿಗೆ ಹೆಚ್ಚೆಂದರೆ ಇಪ್ಪತ್ತು ವರ್ಷ. ಅವಳ ಪಕ್ಕದಲ್ಲಿ ಒಬ್ಬ ಹುಡುಗ ಸಣ್ಣದೊಂದು ಕೀಬೋರ್ಡನ್ನು ಸ್ಟ್ಯಾಂಡಿನ ಮೇಲೆ ಕೂರಿಸುತ್ತಿದ್ದ. ಅಷ್ಟರಲ್ಲಿ ವ್ಯವಸ್ಥಾಪಕರೊಬ್ಬರು ಬಂದರು. ಗದರಲಿಲ್ಲ. ಮೆತ್ತಗೆ ಹೇಳಿದರು: "ಇದು ಕೇಜನ್ ವೇದಿಕೆ. ಅದನ್ನು ಕೆಳಗಿಡಿ. ಇಲ್ಲದಿದ್ದರೆ ಮುಂದಿನ ಬ್ಯಾಂಡನ್ನು ಕರೀತೀವಿ."

ಅವರ ವ್ಯಾನ್ ದೂರದಲ್ಲಿತ್ತು, ನನ್ನ ಕಾರು ಹತ್ತಿರದಲ್ಲಿತ್ತು. ಕೀಬೋರ್ಡನ್ನು ನಾನೇ ಎತ್ತಿಕೊಂಡು ಹೋಗಿ ಡಿಕ್ಕಿಯಲ್ಲಿಟ್ಟೆ. ಬ್ಯಾಂಡ್ ನಲವತ್ತು ನಿಮಿಷ ನುಡಿಸಿತು. ಎಲ್ಲವೂ ಹಳೆಯ ಹಾಡುಗಳು, ಜನ ಸಂತೋಷದಿಂದ ಕುಣಿದರು. ಆದರೆ ಆ ಹುಡುಗಿ ತಾನೇ ಬರೆದ ಒಂದು ಹಾಡನ್ನು ಮಾತ್ರ ಹಾಡಲಿಲ್ಲ. ಆ ಹಾಡು ಶುರುವಾಗುವುದೇ ಕೀಬೋರ್ಡಿನ ಒಂದು ಮಂದ್ರ ಸ್ವರದ ಮೇಲೆ. ಕಾರಿನ ಹತ್ತಿರ ಬಂದಾಗ ಕೇಳಿದೆ. ಬಾಗಿಲಿಗೆ ಒರಗಿಕೊಂಡು, ಯಾವ ವಾದ್ಯವೂ ಇಲ್ಲದೆ ಎರಡು ಚರಣ ಹಾಡಿದಳು. ಅವಳ ಅಜ್ಜಿಯ ಮನೆ ಕಡಲ ಹಿನ್ನೀರಿನ ಹತ್ತಿರ ಇತ್ತಂತೆ. ಈಗ ಅಲ್ಲಿ ನೀರು ನಿಂತಿದೆ. ಅಂಗಳದಲ್ಲಿದ್ದ ಓಕ್ ಮರ ಉಪ್ಪುನೀರಿಗೆ ಒಣಗಿ ಬಿಳಿ ಕೋಲಾಗಿ ನಿಂತಿದೆ. ಅಷ್ಟೇ ಹಾಡು. ಪೂರ್ತಿ ಫ್ರೆಂಚ್, ಅದರಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಇರಲಿಲ್ಲ.

ಅದೇ ದಿನ ಅದೇ ವೇದಿಕೆಯಲ್ಲಿ ನಿರೂಪಣೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಬೆಳಿಗ್ಗೆ ಹಾಡಿದ ಇನ್ನೊಂದು ಬ್ಯಾಂಡಿನ ಗಾಯಕರು ನನ್ನ ಜೊತೆ ಮಾತಾಡುತ್ತಾ, ತಾವು ಹಾಡುವ ಫ್ರೆಂಚ್ ಸಾಲುಗಳ ಅರ್ಥ ತಮಗೆ ಗೊತ್ತಿಲ್ಲ, ಕಿವಿಯಿಂದ ಕೇಳಿ ಬಾಯಿಪಾಠ ಮಾಡಿದ್ದು ಎಂದರು. ಅವರನ್ನು ಯಾರೂ ತಡೆಯಲಿಲ್ಲ. ಅವರ ಕೈಯಲ್ಲಿ ಅಕಾರ್ಡಿಯನ್, ಫಿಡಲ್ ಅಂದರೆ ಪಿಟೀಲು, ಗಿಟಾರ್, ಮತ್ತೆ ಕಡ್ಡಿಯಿಂದ ಬಡಿಯುವ ಲೋಹದ ತ್ರಿಕೋನ, ಟ್ರಯಾಂಗಲ್, ಇದ್ದವು. ಅಷ್ಟು ಸಾಕಾಯಿತು. ಅವರನ್ನು ತಡೆಯಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅವರ ಹಾಡಿಗೆ ನಾನೂ ಕುಣಿದೆ. ಆದರೆ ಅಂದಿನಿಂದ ಈ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಈ ಪತ್ರ.

ನಾನು ಹೊರಗಿನವನು. ಕೆಲಸಕ್ಕೆಂದು ದಕ್ಷಿಣ ಲೂಸಿಯಾನದ ಲಾಫಯೆಟ್‌ಗೆ ಬಂದು ಹನ್ನೊಂದು ವರ್ಷವಾಯಿತು. ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮನಸ್ಸಿಗೆ ಹತ್ತಿರದ ಮಾತು ನನಗೆ ಬರುವುದು ಇದರಲ್ಲೇ. ಇಂಗ್ಲಿಷಿಗೂ ಫ್ರೆಂಚಿಗೂ ಮಾಡಿಸಿ ನಿಮ್ಮ ಕೈಗೆ ತಲುಪಿಸುತ್ತೇನೆ. ಇಲ್ಲಿ ಓದುವ ಕನ್ನಡಿಗರಿಗೆ ವಿಷಯ ಹೊಸದು. ಹಾಗಾಗಿ ನಿಮಗೆ ಗೊತ್ತಿರುವುದನ್ನೂ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೇಜನ್ನರು ಅಂದರೆ ಈಗಿನ ಕೆನಡಾದ ನೋವಾ ಸ್ಕೋಷಿಯಾ ಕಡೆಯ ಅಕಾಡಿಯದಲ್ಲಿದ್ದ ಫ್ರೆಂಚ್ ರೈತರ ಮಕ್ಕಳು, ಮೊಮ್ಮಕ್ಕಳು. 1755ರಲ್ಲಿ ಬ್ರಿಟಿಷರು ಅವರನ್ನು ಮನೆ ಮಠ ಬಿಡಿಸಿ ಹಡಗು ಹತ್ತಿಸಿದರು. ಅಲ್ಲಿ ಇಲ್ಲಿ ಅಲೆದು 1760ರ ದಶಕದಿಂದ ಲೂಸಿಯಾನದ ಜೌಗು ನೆಲಕ್ಕೆ ಬಂದು ಸೇರಿದರು. ಇಲ್ಲಿನ ಕಪ್ಪು ಕ್ರಿಯೋಲರು (ಫ್ರೆಂಚ್ ಮಾತಾಡುವ ಕಪ್ಪು ಜನ), ಮೂಲನಿವಾಸಿಗಳು, ಜರ್ಮನ್ನರು, ಸ್ಪ್ಯಾನಿಷರು ಎಲ್ಲರ ಜೊತೆ ಬೆರೆತು ಅವರ ಹಾಡು ಬೆಳೆಯಿತು. ಶನಿವಾರ ರಾತ್ರಿ ಯಾರದೋ ಮನೆಯ ಮೇಜು ಕುರ್ಚಿ ಹೊರಗಿಟ್ಟು ಕುಣಿಯುವುದು, ಮಕ್ಕಳನ್ನು ಒಳಕೋಣೆಯಲ್ಲಿ ಮಲಗಿಸುವುದು, ಇದೇ ಅವರ ಸಂಗೀತ ಶಾಲೆ.

ನಾನು ಇಲ್ಲಿ ಬಂದ ಮೊದಲ ಚಳಿಗಾಲ ಯೂನಿಸ್ ಊರಿನಲ್ಲಿ ಮಾರ್ಕ್ ಸಾವ್ವಾ ಅವರ ಅಂಗಡಿಗೆ ಹೋಗಿದ್ದೆ. 1966ರಿಂದ ನಡೆದುಕೊಂಡು ಬಂದಿರುವ ಅಂಗಡಿ ಅದು. ಅಕಾರ್ಡಿಯನ್ ಮಾಡುವ ಜಾಗ. ಶನಿವಾರ ಬೆಳಿಗ್ಗೆ ಯಾರು ಬೇಕಾದರೂ ವಾದ್ಯ ತಂದು ಕೂತು ನುಡಿಸಬಹುದು. ಬಾಗಿಲು ತೆಗೆದ ಕೂಡಲೇ ಕೇಳಿದ ಆ ದನಿಗೆ ನನ್ನ ಕಾಲು ಅಲ್ಲೇ ನಿಂತವು. ನಮ್ಮ ತಾತ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಅದೇ ಲೋಹದ ನಾಲಿಗೆ, ಅದೇ ತಿದಿ, ಅದೇ ಗಾಳಿ. ಆಮೇಲೆ ಪಕ್ಕದ ಮನೆಯ ಹಿರಿಯರೊಬ್ಬರ ಹತ್ತಿರ ಕಲಿಯಲು ಕೂತೆ. ಕೂತ ಮೇಲೆ ಗೊತ್ತಾಯಿತು ಇದರ ಕಷ್ಟ. ಹಾರ್ಮೋನಿಯಂನಲ್ಲಿ ಒಂದು ಮನೆಗೆ ಒಂದೇ ಸ್ವರ. ಕೇಜನ್ ಅಕಾರ್ಡಿಯನ್ನಿಗೆ ಬಲಗೈಗೆ ಇರುವುದು ಹತ್ತೇ ಗುಂಡಿ. ಒಂದು ಗುಂಡಿ ಹಿಡಿದು ತಿದಿಯನ್ನು ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ಎಡಗೈಗೆ ಎರಡು ಗುಂಡಿ. ನಡುವಿನ ಕೋಮಲ ಸ್ವರಗಳು ಇಲ್ಲವೇ ಇಲ್ಲ. ಉಸಿರಾಡುವ ಹಾಗೆ ಒತ್ತುತ್ತಾ ಎಳೆಯುತ್ತಾ ಹಾಡು ಹುಡುಕಬೇಕು. ಆ ಎಳೆದಾಟದಿಂದಲೇ ಈ ಸಂಗೀತಕ್ಕೆ ಆ ಕುಣಿಸುವ ಗುಣ ಬಂದಿದ್ದು.

ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. ನೀವು ಪರಂಪರೆ ಅನ್ನುವಾಗ ಮೊದಲು ಕೈ ಇಡುವುದು ಈ ಅಕಾರ್ಡಿಯನ್ ಮೇಲೆ, ಅಲ್ವಾ? ಆದರೆ ಅಕಾಡಿಯದಿಂದ ಬಂದವರ ಕೈಯಲ್ಲಿ ಇದು ಇರಲಿಲ್ಲ. ಮೊದಲು ಇದ್ದದ್ದು ಫಿಡಲ್. ಅದಕ್ಕೂ ಮೊದಲು ಇದ್ದದ್ದು ಬರೀ ಕಂಠ. ಮನೆಯೊಳಗೆ ಹೆಂಗಸರು ಕೆಲಸ ಮಾಡುತ್ತಾ ಹಾಡುತ್ತಿದ್ದ ಉದ್ದುದ್ದ ಕಥನ ಗೀತೆಗಳು. ಜರ್ಮನಿಯಲ್ಲಿ ಮಾಡಿದ ಅಕಾರ್ಡಿಯನ್ ಇಲ್ಲಿಗೆ ಬಂದದ್ದು 19ನೇ ಶತಮಾನದಲ್ಲಿ. ಅದು ಗೆದ್ದದ್ದು ಜೋರು ದನಿಯಿಂದ. ಮೈಕ್ ಇಲ್ಲದ ಕಾಲ, ಮನೆ ತುಂಬ ಕುಣಿಯುವ ಜನ. ಆ ಗದ್ದಲದಲ್ಲಿ ಫಿಡಲ್ ಕೇಳುತ್ತಿರಲಿಲ್ಲ, ಅಕಾರ್ಡಿಯನ್ ಕೇಳುತ್ತಿತ್ತು. ಅದರ ಹತ್ತು ಗುಂಡಿಯಲ್ಲಿ ಸಿಗದ ಹಳೆಯ ಫಿಡಲ್ ಮಟ್ಟುಗಳು ಒಂದೊಂದಾಗಿ ಬಿದ್ದುಹೋದವು. ಮಜುರ್ಕಾ, ಕಾಂಟ್ರಡಾನ್ಸ್ ಎಂಬ ಕುಣಿತಗಳು ಹೋಗಿ ಟೂ ಸ್ಟೆಪ್ ಮತ್ತು ವಾಲ್ಟ್ಸ್ ಕುಣಿತಗಳು ಜಾಸ್ತಿ ಆದವು. ಫಿಡಲಿನವರು ತಮ್ಮ ತಂತಿಗಳನ್ನು ಒಂದು ಸ್ವರ ಇಳಿಸಿ ಶ್ರುತಿ ಮಾಡಿಕೊಂಡು ಅಕಾರ್ಡಿಯನ್ನಿಗೆ ಹೊಂದಿಕೊಂಡರು, ಈಗಲೂ ಹಾಗೇ ಮಾಡುತ್ತಾರೆ. ಆ ಕಾಲದ ಫಿಡಲ್ ಅಜ್ಜ ಒಬ್ಬರು ಇವತ್ತು ಬಂದರೆ ಅಕಾರ್ಡಿಯನ್ನನ್ನೇ ಕೆಳಗಿಡಿ ಅನ್ನುತ್ತಿದ್ದರೋ ಏನೋ.

ಮುಂದೆಯೂ ಹೀಗೇ ಆಯಿತು. 1928ರ ಏಪ್ರಿಲ್ 27ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜೋ ಫಾಲ್ಕನ್ ಮತ್ತು ಕ್ಲಿಯೋಮ ಬ್ರೋ ಮೊದಲ ಕೇಜನ್ ರೆಕಾರ್ಡ್ ಮಾಡಿದರು. ಇಬ್ಬರೇನಾ, ಇದೂ ಒಂದು ಬ್ಯಾಂಡಾ ಎಂದು ಕಂಪನಿಯವರು ಹಿಂದೆಮುಂದೆ ನೋಡಿದರಂತೆ. ಕ್ಲಿಯೋಮ ಕೈಯಲ್ಲಿದ್ದದ್ದು ಗಿಟಾರ್. ಆಗ ಈ ಸಂಗೀತಕ್ಕೆ ಗಿಟಾರೇ ಹೊಸದು, ಹೆಣ್ಣೊಬ್ಬಳು ಕುಣಿತದ ಮನೆಯಲ್ಲಿ ಕೂತು ನುಡಿಸುವುದು ಇನ್ನೂ ಹೊಸದು. 1933ರಲ್ಲಿ ಶುರುವಾದ ಹ್ಯಾಕ್‌ಬೆರಿ ರ್‍ಯಾಂಬ್ಲರ್ಸ್ ಬ್ಯಾಂಡಿನ ಕಥೆ ನಿಮಗೆಲ್ಲ ಬಾಯಿಪಾಠ. ಹಳ್ಳಿಯ ಡಾನ್ಸ್ ಹಾಲಿಗೆ ಕರೆಂಟ್ ಇರಲಿಲ್ಲ. ಫಿಡಲಿನ ಲುಡೆರಿನ್ ಡಾರ್ಬೋನ್ ತಮ್ಮ ಮಾಡೆಲ್ ಎ ಫೋರ್ಡ್ ಕಾರನ್ನು ಹೊರಗೆ ಚಾಲೂ ಇಟ್ಟು, ಅದರ ಇಂಜಿನ್ನಿಂದ ಧ್ವನಿವರ್ಧಕಕ್ಕೆ ಕರೆಂಟ್ ತೆಗೆದರು! ಒಳಗೆ ವಾಲ್ಟ್ಸ್, ಹೊರಗೆ ಕಾರಿನ ಗುರುಗುಟ್ಟುವಿಕೆ. ಆ ಹುಡುಗರಿಗೆ ಅವತ್ತು ಯಾರಾದರೂ ಕಾರು ಆಫ್ ಮಾಡಿ ಅಂದಿದ್ದರೆ? ಡ್ರಮ್ಸ್, ಸ್ಟೀಲ್ ಗಿಟಾರ್ ಕೂಡ ಹೀಗೇ ಒಂದೊಂದಾಗಿ ಬಂದವು. ನೀವು ಇವತ್ತು ಹಳೆಯದು ಎಂದು ಜೋಪಾನ ಮಾಡುವ ಡಾನ್ಸ್ ಹಾಲ್ ಸದ್ದು ಇವೆಲ್ಲ ಸೇರಿ ಆದದ್ದು.

ನಿಮ್ಮ ಭಯ ಸುಮ್ನೆ ಬಂದದ್ದಲ್ಲ, ಅದೂ ನನಗೆ ಗೊತ್ತು. 1930ರ ದಶಕದ ಮಧ್ಯದಿಂದ ಹತ್ತು ಹನ್ನೆರಡು ವರ್ಷ ಅಕಾರ್ಡಿಯನ್ ಹೆಚ್ಚುಕಮ್ಮಿ ರೆಕಾರ್ಡುಗಳಿಂದಲೇ ಮಾಯವಾಗಿತ್ತು. ಟೆಕ್ಸಸ್ ಕಡೆಯ ಸ್ವಿಂಗ್ ಸಂಗೀತ ಬಂದು ಎಲ್ಲವನ್ನೂ ಮುಚ್ಚಿಕೊಂಡಿತು, ಹಾಡುಗಳು ಇಂಗ್ಲಿಷಿಗೆ ಜಾರಿದವು. ಹೊಸದನ್ನು ಒಳಗೆ ಬಿಟ್ಟರೆ ಮತ್ತೆ ಹಾಗೇ ಆದೀತು ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ಅಕಾರ್ಡಿಯನ್ನನ್ನು ವಾಪಸ್ ತಂದದ್ದು ಯಾವ ಸಮಿತಿಯ ನಿಯಮವೂ ಅಲ್ಲ. 1948ರಲ್ಲಿ ಐರಿ ಲಜೂನ್ ಎಂಬ ಹತ್ತೊಂಬತ್ತರ ಹುಡುಗ, ಕಣ್ಣು ಸರಿಯಾಗಿ ಕಾಣದವನು, ಒಂದು ವಾಲ್ಟ್ಸ್ ರೆಕಾರ್ಡ್ ಮಾಡಿದ. ಯುದ್ಧ ಮುಗಿಸಿ ಮನೆಗೆ ಬಂದಿದ್ದವರ ಕರುಳಿಗೆ ಅದು ತಾಗಿತು. 1955ರಲ್ಲಿ, ಇಪ್ಪತ್ತಾರನೇ ವಯಸ್ಸಿಗೆ, ರಸ್ತೆಯ ಬದಿಯಲ್ಲಿ ಟೈರ್ ಬದಲಿಸುವಾಗ ಕಾರು ಬಡಿದು ಆತ ತೀರಿಕೊಂಡ. ಆ ಏಳೇ ವರ್ಷದಲ್ಲಿ ಅಕಾರ್ಡಿಯನ್ ಮತ್ತೆ ನಿಂತಿತು.

ಐರಿ ಕಲಿತದ್ದು ಯಾರಿಂದ? ಅಮಿಡೀ ಆರ್ಡ್ವಾನ್ ರೆಕಾರ್ಡುಗಳಿಂದ. ಅಮಿಡೀ ಕಪ್ಪು ಕ್ರಿಯೋಲ್ ಕಲಾವಿದ. ಬಿಳಿಯ ಫಿಡಲ್ ವಾದಕ ಡೆನಿಸ್ ಮೆಗೀ ಜೊತೆ ಕೂತು 1929ರಲ್ಲಿ ರೆಕಾರ್ಡ್ ಮಾಡಿದವರು, ಆ ಕಾಲದಲ್ಲಿ! ಒಂದು ರಾತ್ರಿ ಕುಣಿತದಲ್ಲಿ ಬಿಳಿಯ ಹೆಣ್ಣುಮಗಳೊಬ್ಬಳು ಬೆವರು ಒರೆಸಿಕೊಳ್ಳಲು ಕರವಸ್ತ್ರ ಕೊಟ್ಟಳು, ಅದಕ್ಕಾಗಿ ಕೆಲವರು ಅವರನ್ನು ಸಾಯುವ ಹಾಗೆ ಹೊಡೆದರು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. 1942ರಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. 2018ರಲ್ಲಿ ಒಪೆಲೂಸಸ್ ಊರಿನಲ್ಲಿ ಅವರ ಪ್ರತಿಮೆ ನಿಂತಿತು. ನಾನು ಅಲ್ಲಿಗೆ ಹೋದಾಗ ತುಂಬ ಹೊತ್ತು ನಿಂತಿದ್ದೆ. ಕೇಜನ್ ವೇದಿಕೆ ಎಂದು ಗೆರೆ ಎಳೆಯುವ ಮೊದಲು ಅವರನ್ನು ನೆನಪು ಮಾಡಿಕೊಳ್ಳಿ ಎಂದಷ್ಟೇ ಕೇಳುತ್ತೇನೆ. ಆ ಗೆರೆಯ ಯಾವ ಕಡೆಗೆ ಅವರನ್ನು ಇಡುತ್ತೀರಿ?

ವಾದ್ಯ ಹೋಗಿ ಬಂತು, ಬಂದು ಹೋಯಿತು. ಹೋದರೆ ಮತ್ತೆ ಬರದೇ ಇರಬಹುದಾದದ್ದು ಒಂದೇ, ಅದು ಭಾಷೆ.

1921ರ ರಾಜ್ಯ ಸಂವಿಧಾನ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ಇರಬೇಕು ಎಂದಿತು. ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ. ಶಾಲೆಯಲ್ಲಿ ಫ್ರೆಂಚ್ ಮಾತಾಡುವುದಿಲ್ಲ ಎಂದು ನೂರಾರು ಸಲ ಬರೆಸುತ್ತಿದ್ದರು. ಬಹಿರ್ದೆಸೆಗೆ ಹೋಗಬೇಕು ಎಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಬೆಂಚಿನ ಮೇಲೇ ಒದ್ದೆ ಮಾಡಿಕೊಂಡ ಮಕ್ಕಳ ಕಥೆಯನ್ನು ನನ್ನ ಅಕಾರ್ಡಿಯನ್ ಗುರು ಕಣ್ಣು ತುಂಬಿಕೊಂಡು ಹೇಳುತ್ತಾರೆ. ಅವರು ತಮ್ಮ ಮಕ್ಕಳಿಗೆ ಫ್ರೆಂಚ್ ಕಲಿಸಲಿಲ್ಲ. ಆ ನಾಚಿಕೆ ಮಕ್ಕಳಿಗೆ ಬೇಡ ಅಂತ. ಈ ಸಂಗೀತಕ್ಕೂ ಚಾಂಕಿ ಚಾಂಕ್ ಎಂಬ ಹೀಯಾಳಿಕೆ ಅಂಟಿತ್ತು. 1964ರಲ್ಲಿ ಫಿಡಲ್ ವಾದಕ ಡೂಯಿ ಬಾಲ್ಫಾ ಮತ್ತು ಜೊತೆಗಾರರು ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಹೊರಟಾಗ ನಗೆಪಾಟಲಾಗುತ್ತಾರೆ ಎಂದೇ ಊರಿನ ಕೆಲವರು ಅಂದುಕೊಂಡಿದ್ದರು. ಅಲ್ಲಿ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. 1968ರಲ್ಲಿ ಫ್ರೆಂಚ್ ಉಳಿಸಲು ಕೊಡೊಫಿಲ್ ಎಂಬ ಸರ್ಕಾರಿ ಸಂಸ್ಥೆ ಬಂತು. 1974ರ ಮಾರ್ಚ್ 26ರಂದು ಲಾಫಯೆಟ್‌ನ ಬ್ಲ್ಯಾಕ್‌ಹ್ಯಾಮ್ ಕೊಲಿಸಿಯಂನಲ್ಲಿ ದೊಡ್ಡ ಕಛೇರಿ ನಡೆಯಿತು. ಈಗ ಪ್ರತಿ ಅಕ್ಟೋಬರ್‌ನಲ್ಲಿ ಜಿರಾರ್ಡ್ ಪಾರ್ಕಿನಲ್ಲಿ ನಡೆಯುವ ಹಬ್ಬಕ್ಕೆ ಅದೇ ಬೀಜ. ನಿಮ್ಮಲ್ಲಿ ಕೆಲವರು ಆಗ ಉದ್ದ ಕೂದಲಿನ ಹುಡುಗರು. ಮೈಕಲ್ ಡೂಸೆ 1975ರಲ್ಲಿ ಬೋಸೊಲೇ ಬ್ಯಾಂಡ್ ಕಟ್ಟಿದಾಗ, ಡೆನಿಸ್ ಮೆಗೀ ಹತ್ತಿರ ಹಳೆಯ ಮಟ್ಟು ಕಲಿತು ಅದಕ್ಕೆ ಜಾಝ್, ಬ್ಲೂಸ್ ಎಲ್ಲ ಬೆರೆಸಿದಾಗ ಕುಣಿದವರು ನೀವೇ.

ಈಗಿನವರನ್ನು ಅದೇ ಕಣ್ಣಿನಿಂದ ನೋಡಿ. 1999ರಲ್ಲಿ ಲೂಯಿ ಮತ್ತು ಆಂದ್ರೆ ಮಿಶೋ ಅಣ್ಣತಮ್ಮಂದಿರು ಲಾಸ್ಟ್ ಬಾಯು ರ್‍ಯಾಂಬ್ಲರ್ಸ್ ಬ್ಯಾಂಡ್ ಶುರು ಮಾಡಿದರು. ಮನೆಯಲ್ಲಿ ಅಪ್ಪ ಚಿಕ್ಕಪ್ಪಂದಿರ ಬ್ಯಾಂಡಿನಲ್ಲಿ ಟ್ರಯಾಂಗಲ್, ಗಿಟಾರ್ ಹಿಡಿದು ಬೆಳೆದವರು. ಈಗ ಅವರ ಅಕಾರ್ಡಿಯನ್ನಿನ ದನಿ ಕಾಲಿನಿಂದ ಒತ್ತುವ ಎಲೆಕ್ಟ್ರಿಕ್ ಪೆಡಲ್‌ಗಳ ಮೂಲಕ ಹಾಯ್ದು ಗುಡುಗಿನ ಹಾಗೆ ಬರುತ್ತದೆ. ಕೆಲವು ಸಲ ನನ್ನ ಕಿವಿಗೂ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಆದರೆ ಲೂಯಿ ಹಾಡುವುದು ಫ್ರೆಂಚಿನಲ್ಲಿ, ವೇದಿಕೆಯ ಕೆಳಗೂ ಮಾತಾಡುವುದು ಫ್ರೆಂಚ್. 2018ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ಅದೇ 1999ರಲ್ಲಿ ಶುರುವಾದ ಫೂಫೊಲೆ ಬ್ಯಾಂಡಿನವರು ಆಗ ಶಾಲೆಗೆ ಹೋಗುವ ಮಕ್ಕಳು. ಪೈನ್ ಲೀಫ್ ಬಾಯ್ಸ್ ಬ್ಯಾಂಡಿನ ವಿಲ್ಸನ್ ಸಾವ್ವಾ ಅದೇ ಅಕಾರ್ಡಿಯನ್ ಅಂಗಡಿಯ ಮಾರ್ಕ್ ಅವರ ಮಗ. ಅದೇ ಬ್ಯಾಂಡಿನಲ್ಲಿದ್ದ ಸೆಡ್ರಿಕ್ ವಾಟ್ಸನ್ ಕಪ್ಪು ಕ್ರಿಯೋಲ್ ಫಿಡಲ್ ವಾದಕ. ಅಮಿಡೀ ಮತ್ತು ಡೆನಿಸ್ ಕೂತಿದ್ದ ಕುರ್ಚಿಗಳು ಅಲ್ಲಿ ಮತ್ತೆ ತುಂಬಿದವು. ಡೂಯಿ ಅವರ ಮಗಳು ಕ್ರಿಸ್ಟೀನ್ ಬಾಲ್ಫಾ ಸೇರಿ ಹೆಂಗಸರು ಕಟ್ಟಿದ ಬ್ಯಾಂಡ್ ಬೋನ್ಸ್ವಾರ್ ಕಟ್ಯಾಂ. ಇವರೆಲ್ಲ ಈಗ ನಡುವಯಸ್ಸಿಗೆ ಬಂದಿದ್ದಾರೆ. ನನ್ನ ಕಾರಿನ ಬಾಗಿಲಿಗೆ ಒರಗಿ ಹಾಡಿದ ಹುಡುಗಿ ಇವರ ಮುಂದಿನ ಸಾಲಿನವಳು.

ಆ ಹುಡುಗಿಯ ಮನೆಯಲ್ಲಿ ಅಪ್ಪ ಅಮ್ಮನಿಗೆ ಫ್ರೆಂಚ್ ಬರುವುದಿಲ್ಲ. ಅವಳು ಫ್ರೆಂಚ್ ಮಾಧ್ಯಮದ ಶಾಲೆಯಲ್ಲಿ ಕಲಿತಳು. ಒಂದು ಬೇಸಿಗೆ ನೋವಾ ಸ್ಕೋಷಿಯಾದ ಸೇಂಟ್ ಆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಐದು ವಾರ ಫ್ರೆಂಚ್ ಬಿಟ್ಟು ಬೇರೆ ಮಾತಾಡದೆ ಇದ್ದು ಬಂದಳು. ತನ್ನವರನ್ನು 1755ರಲ್ಲಿ ಯಾವ ನೆಲದಿಂದ ಓಡಿಸಿದರೋ ಅದೇ ನೆಲಕ್ಕೆ ಭಾಷೆ ಕಲಿಯಲು ಹೋದವಳು! ಶಾಲೆಯ ಮೇಷ್ಟ್ರು ಫ್ರಾನ್ಸ್‌ನಿಂದ ಬಂದವರು. ಅವರು ಸೀಗಡಿಗೆ ಕ್ರೆವೆಟ್ ಎಂದು ಕಲಿಸಿದರು. ಅಜ್ಜಿ ಅನ್ನುತ್ತಿದ್ದದ್ದು ಶೆವ್ರೆಟ್. ಅವಳ ಹಾಡಿನಲ್ಲಿ ಇರುವುದು ಶೆವ್ರೆಟ್. ಆ ಪದ ಎಲ್ಲಿಂದ ಸಿಕ್ಕಿತು ಎಂದು ಕೇಳಿದೆ. ಅಜ್ಜಿಯ ಹಳೆಯ ಕ್ಯಾಸೆಟ್‌ನಿಂದ ಎಂದಳು. 1934ರಲ್ಲಿ ಜಾನ್ ಮತ್ತು ಅಲನ್ ಲೋಮಾಕ್ಸ್ ಇಲ್ಲಿಗೆ ಬಂದು ಧ್ವನಿಮುದ್ರಿಸಿದ ಹಾಡುಗಳನ್ನೂ ಕೂತು ಕೇಳಿದ್ದಾಳೆ. ಅಕಾರ್ಡಿಯನ್ ಬರುವ ಮೊದಲಿನ ಕಂಠದ ಹಾಡುಗಳು ಅಲ್ಲಿವೆ. ಆ ಮಟ್ಟುಗಳು ಹತ್ತು ಗುಂಡಿಯೊಳಗೆ ಕೂರುವುದಿಲ್ಲ, ಅದಕ್ಕೇ ಕೀಬೋರ್ಡ್ ಬೇಕು ಎಂದಳು. ಅಂದರೆ ನೀವು ಹೊಸದು ಎಂದು ಕೆಳಗಿಡಿಸಿದ ಆ ಪೆಟ್ಟಿಗೆಯನ್ನು ಅವಳು ತಂದದ್ದು ನಿಮ್ಮ ವೇದಿಕೆಯ ಎಲ್ಲ ಹಾಡಿಗಿಂತ ಹಳೆಯದಾದ ಒಂದು ಮಟ್ಟಿಗಾಗಿ.

ಹುಡುಗರಿಗೂ ನನ್ನದೊಂದು ಮಾತಿದೆ. ಕುಣಿಯುವವರನ್ನು ಬಿಡಬೇಡಿ. ಎಂಬತ್ತು ವರ್ಷದ ದಂಪತಿಗಳು ಕೈ ಹಿಡಿದು ಹಾಲಿನ ಸುತ್ತ ಎಡಕ್ಕೆ ತಿರುಗುತ್ತಾ ಬರುವಾಗ ನಿಮ್ಮ ಲಯ ತಪ್ಪಿದರೆ ಅವರ ಹೆಜ್ಜೆ ತಪ್ಪುತ್ತದೆ. ಎಷ್ಟು ಪೆಡಲ್ ಬೇಕಾದರೂ ಒತ್ತಿ, ಟ್ರಯಾಂಗಲ್ಲಿನ ಸದ್ದು ಕೇಳಿಸುತ್ತಿರಲಿ. ಹಳೆಯ ಹಾಡನ್ನು ಹಾಡುವ ಮೊದಲು ಅದನ್ನು ಯಾರಿಂದ ಕಲಿತಿರಿ ಎಂದು ಹೆಸರು ಹೇಳಿ.

ಹೊರಗಿನ ಯಾರೂ ಇದನ್ನು ನಮಗಾಗಿ ಕಾಯುವುದಿಲ್ಲ. ಗ್ರ್ಯಾಮಿಯಲ್ಲಿ ಜೈಡಿಕೋ (ಕಪ್ಪು ಕ್ರಿಯೋಲರ ಕುಣಿತದ ಸಂಗೀತ) ಮತ್ತು ಕೇಜನ್ ಸಂಗೀತಕ್ಕೆ ಬೇರೆ ವಿಭಾಗ 2008ರಲ್ಲಿ ಬಂತು, ನಾಲ್ಕು ಸಲ ಬಹುಮಾನ ಕೊಟ್ಟು 2011ರಲ್ಲಿ ಮುಚ್ಚಿದರು. ಈಗ ಹವಾಯಿ, ಪೋಲ್ಕಾ ಎಲ್ಲದರ ಜೊತೆ ಒಂದೇ ಬುಟ್ಟಿ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಬ್ಯಾಂಡ್ ಆರಿಸುವಾಗ ಯಾವ ವಾದ್ಯ ಇದೆ ಎಂಬ ಪಟ್ಟಿ ಕೇಳಬೇಡಿ. ಎಷ್ಟು ಹಾಡು ಫ್ರೆಂಚಿನಲ್ಲಿವೆ, ಅದರಲ್ಲಿ ನೀವೇ ಬರೆದದ್ದು ಯಾವುದು ಎಂದು ಕೇಳಿ. ನಿರೂಪಣೆಯನ್ನು ಫ್ರೆಂಚಿನಲ್ಲೂ ಮಾಡಿಸಿ, ತಪ್ಪಾದರೂ ಪರವಾಗಿಲ್ಲ. ಅರ್ಥ ಗೊತ್ತಿಲ್ಲದೆ ಹಾಡುವ ಹಿರಿಯ ಗಾಯಕರ ಪಕ್ಕ ಒಂದು ಸಂಜೆ ಈ ಮಕ್ಕಳನ್ನು ಕೂರಿಸಿ, ಸಾಲು ಸಾಲಾಗಿ ಅರ್ಥ ಹೇಳಿಸಿ. ಆ ಹಿರಿಯರು ಬದಲಿಗೆ ಅಕಾರ್ಡಿಯನ್ನಿನ ಎಳೆತ ಕಲಿಸಲಿ. ಮತ್ತೆ, ಹೊಸ ಹಾಡಿಗೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲು ಬೇಡ. ಸಂಜೆ ಏಳಕ್ಕೆ ಇಪ್ಪತ್ತು ನಿಮಿಷ ಕೊಡಿ, ಜನ ಇರುವಾಗ.

ಆ ಕೀಬೋರ್ಡ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಹಬ್ಬಗಳಿಗೆ ಅದನ್ನು ಹೊತ್ತು ತರುವುದನ್ನು ಆ ಬ್ಯಾಂಡಿನ ಮಕ್ಕಳು ನಿಲ್ಲಿಸಿದ್ದಾರೆ. ನಿಮ್ಮ ಹತ್ತಿರವೇ ಇರಲಿ ಅಂಕಲ್, ಬೇಕಾದಾಗ ತಗೋತೀವಿ ಎಂದಿದ್ದಾರೆ. ಧೂಳು ಕೂರದ ಹಾಗೆ ನನ್ನ ಹೆಂಡತಿ ಅದರ ಮೇಲೆ ಒಂದು ಹಳೆಯ ಸೀರೆ ಹೊದಿಸಿದ್ದಾಳೆ. ಮುಂದಿನ ಹಬ್ಬಕ್ಕೆ ನಾನೇ ತರುತ್ತೇನೆ. ವೇದಿಕೆಯ ಹಿಂದಿನ ಯಾವ ಗೇಟಿಗೆ, ಎಷ್ಟು ಗಂಟೆಗೆ ತರಬೇಕು ಹೇಳಿ.

ಇಂತಿ,
ಲಾಫಯೆಟ್‌ನಲ್ಲಿರುವ ನಿಮ್ಮ ಕನ್ನಡಿಗ ಕೇಳುಗ